‘ನಾಳೆ ಬಾ’ ಎನ್ನುವ ಯಂತ್ರವನ್ನು ಹಿಡಿಯುವ ಬಗೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು 1991ರ ಎಸ್ಸೆಸ್ಸೆಲ್ಸಿ ಬ್ಯಾಚಿನವಳು. ಬೆಂಗಳೂರಿನಲ್ಲಿ ಚಿಪ್ ತಯಾರಿಕೆಗೆ ಸಂಬಂಧಪಟ್ಟ ಕೆಲಸ. ಚಿಪ್ಪಿನ ನಕ್ಷೆ ಬರೆಯುವವರು ಬೇರೆ ಇದ್ದಾರೆ. ಅವರು ಬರೆದದ್ದರಲ್ಲಿ ತಪ್ಪು ಹುಡುಕುವವಳು ನಾನು. ಇದನ್ನು ಮೊದಲ ಸಲ ಹೇಳಿದಾಗ ನಮ್ಮವ್ವ, “ತಪ್ಪು ಹುಡುಕೋಕೂ ಸಂಬಳ ಕೊಡ್ತಾರೇನೇ? ಹಂಗಾದ್ರೆ ನಿಮ್ಮಜ್ಜಿಗೆ ಎಷ್ಟು ಬಾಕಿ ಐತೆ ಲೆಕ್ಕ ಹಾಕು” ಅಂದಿದ್ದಳು. ಅಜ್ಜಿ ಹುಡುಕುತ್ತಿದ್ದದ್ದು ಆಗಿಹೋದ ತಪ್ಪನ್ನು. ನಾವು ಹುಡುಕುವುದು ಇನ್ನೂ ಆಗದೇ ಇರುವ, ಮುಂದೆ ಎಂದೋ ಒಂದು ದಿನ ಆಗಬಹುದಾದ ತಪ್ಪನ್ನು. ವ್ಯತ್ಯಾಸ ಅಷ್ಟೇ, ಆದರೆ ಅದೇ ದೊಡ್ಡದು.

ಸಮಿತಿಯವರು “ನಿಮ್ಮ ಕೆಲಸದ ಬಗ್ಗೆ ಎಲ್ಲರಿಗೂ ತಿಳಿಯುವ ಹಾಗೆ ಹೇಳಿ, ಅರ್ಧ ಗಂಟೆ ಮೀರಬೇಡಿ” ಎಂದಿದ್ದಾರೆ. ಪ್ರಯತ್ನ ಮಾಡುತ್ತೇನೆ.

ಒಂಬತ್ತನೇ ಕ್ಲಾಸಿನಲ್ಲಿ ನಮಗೆಲ್ಲ ಕನ್ನಡ ವ್ಯಾಕರಣದಲ್ಲಿ ಕಾಲಗಳ ಪಾಠ ಇತ್ತು. ಭೂತ, ವರ್ತಮಾನ, ಭವಿಷ್ಯತ್. ಅದರ ಹಿಂದೆಯೇ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ. “ಮಳೆ ಬರುತ್ತದೆ” ಎನ್ನುವುದು ಬೇರೆ, “ಮಳೆ ಬಂದೀತು” ಎನ್ನುವುದು ಬೇರೆ, “ಮಳೆ ಬಾರದು” ಎನ್ನುವುದು ಬೇರೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದು ವಿವರಿಸಿದ್ದರು. ಗಣಿತದ ಪೀರಿಯಡ್ಡಿನಲ್ಲಿ ಮಾತ್ರ ಕಾಲವೇ ಇರಲಿಲ್ಲ. ಐದು ಮೂರಕ್ಕಿಂತ ದೊಡ್ಡದು ಎಂದರೆ ನಿನ್ನೆಯೂ ನಿಜ, ನಾಳೆಯೂ ನಿಜ. “ರೈಲ್ವೆ ಗೇಟು ಮುಚ್ಚಿದೆ” ಎಂಬ ಮಾತು ಹಾಗಲ್ಲ. ಈಗ ನಿಜ, ಇನ್ನು ಐದು ನಿಮಿಷಕ್ಕೆ ಸುಳ್ಳು. ಇಂಥ ಮಾತುಗಳಿಗೂ ಲೆಕ್ಕದಷ್ಟೇ ಖಚಿತವಾದ ತರ್ಕ ಬೇಕು ಎಂದು 1950ರ ದಶಕದಲ್ಲಿ ಹೊರಟವನು ನ್ಯೂಜಿಲೆಂಡಿನ ಆರ್ಥರ್ ಪ್ರಯರ್ ಎಂಬ ತತ್ವಶಾಸ್ತ್ರಜ್ಞ. ಅವನಿಗೆ ಕಂಪ್ಯೂಟರಿನ ಯೋಚನೆ ಇರಲಿಲ್ಲ. ಅದನ್ನು ಕಂಪ್ಯೂಟರಿಗೆ ತಂದವರು ಇಸ್ರೇಲಿನ ಅಮೀರ್ ಪ್ನುಯೆಲಿ, 1977ರಲ್ಲಿ. ಅದಕ್ಕಾಗಿ ಅವರಿಗೆ 1996ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ನಮ್ಮ ಕ್ಷೇತ್ರದಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಪ್ನುಯೆಲಿ ಗಮನಿಸಿದ್ದು ಸರಳವಾದ ಸಂಗತಿ. ಅದುವರೆಗೆ ಪ್ರೋಗ್ರಾಮ್ ಎಂದರೆ ಲೆಕ್ಕ ಮಾಡುವುದು, ಉತ್ತರ ಕೊಡುವುದು, ನಿಲ್ಲುವುದು. ಉತ್ತರ ಸರಿ ಇದೆಯೋ ಇಲ್ಲವೋ ನೋಡಿದರಾಯಿತು. ಆದರೆ ರೈಲ್ವೆ ಸಿಗ್ನಲ್ ನಡೆಸುವ ಯಂತ್ರ ಯಾವಾಗ ಉತ್ತರ ಕೊಟ್ಟು ನಿಲ್ಲುತ್ತದೆ? ನಿಮ್ಮ ಜೇಬಿನ ಮೊಬೈಲು? ಊರ ಮುಂದಿನ ಎಟಿಎಂ? ಅವು ನಿಲ್ಲುವುದೇ ಇಲ್ಲ, ನಿಲ್ಲಲೂ ಬಾರದು. ಅವುಗಳ ವಿಷಯದಲ್ಲಿ ಸರಿ ತಪ್ಪು ಎಂದರೆ ಕಾಲ ಕಳೆದಂತೆ ಹೇಗೆ ನಡೆದುಕೊಳ್ಳುತ್ತವೆ ಎನ್ನುವುದು. ಅದನ್ನು ಹೇಳಲು ನಾಲ್ಕು ಪದ ಸಾಕು: ‘ಯಾವಾಗಲೂ’, ‘ಎಂದಾದರೂ’, ‘ಮರುಕ್ಷಣ’, ‘ವರೆಗೆ’. ಈ ನಾಲ್ಕು ಪದಕ್ಕೆ ‘ಮತ್ತು’, ‘ಅಥವಾ’, ‘ಅಲ್ಲ’ ಸೇರಿಸಿ ಹೆಣೆದ ವಾಕ್ಯಗಳಿಂದಲೇ ನನ್ನ ಸಂಸಾರ ನಡೆದಿದೆ.

ರೈಲ್ವೆ ಗೇಟನ್ನೇ ತೆಗೆದುಕೊಳ್ಳಿ. ಗೇಟು ನಡೆಸುವ ಯಂತ್ರದಿಂದ ನಮಗೆ ಏನು ಬೇಕು? ರೈಲು ದಾಟುತ್ತಿರುವಾಗ ಗೇಟು ಯಾವಾಗಲೂ ಮುಚ್ಚಿರಬೇಕು. ಸರಿ, ಇಷ್ಟನ್ನೇ ಬರೆದು ಯಂತ್ರದವನ ಕೈಗೆ ಕೊಟ್ಟರೆ ಅವನು ಗೇಟನ್ನು ಹಾಕಿ ಬೀಗ ಜಡಿದು ಹೋಗಬಹುದು. ಎಂದೂ ತೆರೆಯದ ಗೇಟಿನಲ್ಲಿ ಅಪಘಾತವೇ ಇಲ್ಲವಲ್ಲ! ನಿಮ್ಮ ಷರತ್ತು ಅಕ್ಷರಶಃ ನಡೆಯಿತು. ಆದ್ದರಿಂದ ಇನ್ನೊಂದು ಬೇಕು: ಯಾವಾಗ ಗಾಡಿ ಬಂದು ನಿಂತರೂ ಆಮೇಲೆ ಎಂದಾದರೂ ಗೇಟು ತೆರೆಯಲೇಬೇಕು. ಮೊದಲನೆಯದು ‘ಕೆಟ್ಟದ್ದು ಎಂದೂ ಆಗಬಾರದು’ ಎಂಬ ಜಾತಿ, ಎರಡನೆಯದು ‘ಒಳ್ಳೆಯದು ಎಂದಾದರೂ ಆಗಬೇಕು’ ಎಂಬ ಜಾತಿ. ಹೀಗೆ ಎರಡಾಗಿ ವಿಂಗಡಿಸಿದವರು ಲೆಸ್ಲಿ ಲ್ಯಾಂಪೋರ್ಟ್, ಅದೂ 1977ರಲ್ಲೇ. ಸೊಸೈಟಿ, ಪಂಚಾಯಿತಿ ಕಟ್ಟಿದ ಹಿರಿಯರು ಇಲ್ಲಿದ್ದೀರಿ. ನಿಯಮ ಬರೆಯುವಾಗ ಬರೀ ಮೊದಲನೆಯ ಜಾತಿಯನ್ನೇ ಬರೆದುಬಿಟ್ಟರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಬೇಕಾದ್ದನ್ನು ಬರೆದಾಯಿತು. ಯಂತ್ರ ಹಾಗೆ ನಡೆಯುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಸಾಮಾನ್ಯ ದಾರಿ, ನಡೆಸಿ ನೋಡುವುದು. ಸಾವಿರ ಸಲ ನಡೆಸಿದರೆ ಸಾವಿರ ಸಲದ ಸಂಗತಿ ತಿಳಿಯಿತು. ಸಾವಿರದ ಒಂದನೆಯದು? ಅದಕ್ಕೆ ಇನ್ನೊಂದು ದಾರಿ, ಯಂತ್ರ ಇರಬಹುದಾದ ಎಲ್ಲ ಸ್ಥಿತಿಗಳನ್ನೂ, ಒಂದರಿಂದ ಇನ್ನೊಂದಕ್ಕೆ ಹೋಗುವ ಎಲ್ಲ ದಾರಿಗಳನ್ನೂ ಕಂಪ್ಯೂಟರಿನಿಂದಲೇ ತಡಕಿಸುವುದು. 1981ರಲ್ಲಿ ಅಮೆರಿಕದಲ್ಲಿ ಎಡ್ಮಂಡ್ ಕ್ಲಾರ್ಕ್ ಮತ್ತು ಅಲೆನ್ ಎಮರ್ಸನ್, ಅವರನ್ನು ಕೇಳದೆಯೇ 1982ರಲ್ಲಿ ಫ್ರಾನ್ಸಿನಲ್ಲಿ ಜೋಸೆಫ್ ಸಿಫಾಕಿಸ್ ಮತ್ತು ಕೇಯ್ ಈ ದಾರಿ ಹಿಡಿದರು. ಕ್ಲಾರ್ಕ್, ಎಮರ್ಸನ್, ಸಿಫಾಕಿಸ್ ಮೂವರಿಗೂ 2007ರ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು.

ಹೇಳಲು ಸುಲಭ. ರೈಲು ದೂರ, ಹತ್ತಿರ, ಗೇಟಿನಲ್ಲಿ ಎಂದು ಮೂರು ಸ್ಥಿತಿ; ಗೇಟು ತೆರೆದಿದೆ, ಮುಚ್ಚಿದೆ ಎಂದು ಎರಡು. ಒಟ್ಟು 6. ಬೆರಳಲ್ಲಿ ಎಣಿಸಬಹುದು. ಇಂಥ ಹತ್ತು ಗೇಟುಗಳನ್ನು ಒಂದೇ ಯಂತ್ರ ನೋಡಿಕೊಳ್ಳುತ್ತದೆ ಅನ್ನಿ. ಅರವತ್ತು ಅಂದುಕೊಂಡಿರಾ? ಅಲ್ಲ. ಹತ್ತು ಆರುಗಳನ್ನು ಒಂದಕ್ಕೊಂದು ಗುಣಿಸುತ್ತಾ ಹೋಗಬೇಕು: 6,04,66,176. ಆರು ಕೋಟಿಯ ಮೇಲೆ. ನಾನು ನೋಡುವ ಚಿಪ್ಪಿನ ಒಂದು ಮೂಲೆಯ ಮುಂದೆ ಈ ಸಂಖ್ಯೆಯೂ ಏನೂ ಅಲ್ಲ. ಹಾಗಾಗಿ ನಮ್ಮ ವಿದ್ಯೆಯ ನಲವತ್ತು ವರ್ಷದ ಚರಿತ್ರೆ ಎಂದರೆ ಬಹುಮಟ್ಟಿಗೆ ಈ ತಡಕಾಟವನ್ನು ಸುಲಭ ಮಾಡಿಕೊಂಡ ಚರಿತ್ರೆ.

ಮೊದಲನೆಯ ಉಪಾಯ ಪ್ರಶ್ನೆಯನ್ನು ತಲೆಕೆಳಗು ಮಾಡುವುದು. ಮಕ್ಕಳಿಗೆ ಹುಲಿ, ಮೇಕೆ, ಹುಲ್ಲಿನ ಹೊರೆಯ ಒಗಟು ಗೊತ್ತಲ್ಲ? ಹೊಳೆ ದಾಟಬೇಕು, ದೋಣಿಯಲ್ಲಿ ಅಂಬಿಗನ ಜೊತೆ ಒಂದಕ್ಕೆ ಮಾತ್ರ ಜಾಗ, ಅಂಬಿಗ ಇಲ್ಲದ ದಡದಲ್ಲಿ ಹುಲಿ ಮೇಕೆಯನ್ನು ತಿನ್ನುತ್ತದೆ, ಮೇಕೆ ಹುಲ್ಲನ್ನು ತಿನ್ನುತ್ತದೆ. ನಾಲ್ಕು ಜೀವ ಮತ್ತು ವಸ್ತು, ಎರಡು ದಡ, ಒಟ್ಟು 16 ಸ್ಥಿತಿ. ಅದರಲ್ಲಿ ಯಾರೂ ಯಾರನ್ನೂ ತಿನ್ನದ ಸ್ಥಿತಿ 10. ನಾನು ಕಂಪ್ಯೂಟರಿಗೆ “ದಾಟುವುದು ಹೇಗೆ?” ಎಂದು ಕೇಳುವುದಿಲ್ಲ. “ಇವರೆಲ್ಲ ಕ್ಷೇಮವಾಗಿ ಆಚೆ ದಡ ಸೇರುವುದು ಎಂದೂ ಸಾಧ್ಯವಿಲ್ಲ” ಎಂದು ವಾದಿಸುತ್ತೇನೆ. ಅದು ನನ್ನ ವಾದ ಸುಳ್ಳೆಂದು ತೋರಿಸಲು ಸ್ಥಿತಿಗಳನ್ನೆಲ್ಲ ತಡಕಿ, ಏಳು ಸಲ ದೋಣಿ ನಡೆಸಿ ದಾಟಿಸಿದ ದಾರಿಯನ್ನು ಮುಂದಿಡುತ್ತದೆ. ವಾದ ಸೋತಿತು, ಉತ್ತರ ಸಿಕ್ಕಿತು. ನಿಜವಾದ ಕೆಲಸದಲ್ಲೂ ಇದೇ. ‘ರೈಲು ಬಂದಾಗ ಗೇಟು ತೆರೆದಿರುವ ಒಂದು ದಾರಿ ಇದೆಯೇ?’ ಎಂದು ಹುಡುಕಿಸುವುದು. ಇದ್ದರೆ ಅದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ಕೊಡುತ್ತದೆ. ಇಲ್ಲದಿದ್ದರೆ, ಎಲ್ಲವನ್ನೂ ನೋಡಿದ ಮೇಲೆ, ಇಲ್ಲ ಎನ್ನುತ್ತದೆ. ನನಗೆ ಈ ವಿದ್ಯೆಯಲ್ಲಿ ಬಹಳ ಇಷ್ಟವಾದದ್ದು ಇದು. ಬರೀ ‘ತಪ್ಪು’ ಎಂದು ಕೆಂಪು ಗೀಟು ಎಳೆದು ಬಿಡುವುದಿಲ್ಲ, ಎಲ್ಲಿ ಹೇಗೆ ತಪ್ಪಿತು ಎಂದು ತೋರಿಸುತ್ತದೆ.

ಈಗ ಕಷ್ಟದ ಜಾಗಕ್ಕೆ ಬರೋಣ. ಹಳೇ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ನೋಡಿದವರು ಇಲ್ಲಿ ಎಷ್ಟೋ ಜನ ಇದ್ದೀರಿ. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಓದುತ್ತದೆ, ನಾಳೆ ಬರೋಣ ಎಂದು ಹೋಗುತ್ತದೆ. ಮಾರನೆಯ ರಾತ್ರಿ ಮತ್ತೆ ಓದುತ್ತದೆ. (ಆ ದೆವ್ವಕ್ಕೆ ಓದಲು ಕಲಿಸಿದವರು ನಮ್ಮ ಶಾಲೆಯವರಲ್ಲ ಎಂದು ನಂಬಿದ್ದೇನೆ.) ಒಂದೊಂದು ರಾತ್ರಿಯನ್ನೇ ನೋಡಿದರೆ ಯಾರೂ ಮಾತು ತಪ್ಪಿಲ್ಲ. ನಾಳೆ ಎಂದರು, ಅಷ್ಟೇ. ಆದರೆ ಎಲ್ಲ ರಾತ್ರಿಗಳನ್ನೂ ಒಟ್ಟಿಗೆ ನೋಡಿದರೆ ದೆವ್ವಕ್ಕೆ ಪೂರಾ ಮೋಸ. ‘ಎಂದಾದರೂ ಗೇಟು ತೆರೆಯಬೇಕು’ ಎಂಬ ಮಾತನ್ನು ಯಂತ್ರ ಮುರಿಯುವುದು ಹೀಗೆಯೇ, ಯಾವ ಒಂದು ಕ್ಷಣದಲ್ಲೂ ಸಿಕ್ಕಿಬೀಳದೆ. ಹಾಗಿದ್ದರೆ ಅದನ್ನು ಹಿಡಿಯಲು ಕೊನೆಯಿಲ್ಲದ ಕಾಲ ಕಾಯುತ್ತಾ ಕೂರಬೇಕೆ?

ಬೇಡ. ಯಂತ್ರದ ಸ್ಥಿತಿಗಳು ಎಷ್ಟೇ ಕೋಟಿ ಇರಲಿ, ಅವಕ್ಕೊಂದು ಮಿತಿ ಇದೆ. ಮಿತಿ ಇರುವುದರಿಂದ ಕೊನೆಯಿಲ್ಲದೆ ನಡೆಯುವ ಯಂತ್ರ ಎಂದಾದರೂ ಹಿಂದೆ ನಿಂತ ಜಾಗಕ್ಕೇ ಮರಳಬೇಕು. ದನ ಕಟ್ಟುವ ಹಗ್ಗದ ಕುಣಿಕೆಯನ್ನು ಕಣ್ಣ ಮುಂದೆ ತಂದುಕೊಳ್ಳಿ: ಒಂದು ಉದ್ದನೆಯ ಹಗ್ಗ, ತುದಿಯಲ್ಲೊಂದು ಸುತ್ತು. ಕೆಟ್ಟ ನಡತೆಯೂ ಹಾಗೆ, ಒಂದಷ್ಟು ದೂರ ನೇರ ಹೋಗಿ ಆಮೇಲೆ ಗಾಣದ ಎತ್ತಿನಂತೆ ಒಂದೇ ಸುತ್ತಿನಲ್ಲಿ ತಿರುಗುತ್ತಿರುತ್ತದೆ. ಆ ಸುತ್ತಿನಲ್ಲಿ ಎಲ್ಲೂ ಗೇಟು ತೆರೆಯುವುದಿಲ್ಲ ಎಂದು ಕಂಡರೆ ಸಾಕು, ಎಂದೆಂದಿಗೂ ತೆರೆಯುವುದಿಲ್ಲ ಎಂದು ಹೇಳಿದ ಹಾಗಾಯಿತು. ಕೊನೆಯಿಲ್ಲದ ಮೋಸವನ್ನು ಗೇಣುದ್ದದ ಕುಣಿಕೆಯಲ್ಲಿ ಹಿಡಿಯಬಹುದು. ಮೋಶೆ ವಾರ್ಡಿ ಮತ್ತು ಪಿಯೇರ್ ವೋಲ್ಪರ್ 1986ರಲ್ಲಿ ಇದನ್ನು ಒಂದು ಪದ್ಧತಿಯಾಗಿ ಕಟ್ಟಿದರು. ಬೇಕಾದ ಗುಣದ ವಿರುದ್ಧ ವಾಕ್ಯವನ್ನು ಒಬ್ಬ ಕಾವಲುಗಾರನನ್ನಾಗಿ ಮಾಡಿ ಯಂತ್ರದ ಜೊತೆ ನಡೆಯಲು ಬಿಡುವುದು. ಅವನಿಗೆ ಖುಷಿಯಾಗುವ ಕುಣಿಕೆ ಸಿಕ್ಕಿತೆಂದರೆ ಯಂತ್ರದಲ್ಲಿ ತಪ್ಪಿದೆ. ಈ ಕಾವಲುಗಾರನ ಮೂಲ ರೂಪವನ್ನು ಕೊಟ್ಟವನು ಸ್ವಿಸ್ ಗಣಿತಜ್ಞ ಬ್ಯೂಖಿ, 1960ರ ಸುಮಾರಿನಲ್ಲಿ, ಶುದ್ಧ ತರ್ಕಶಾಸ್ತ್ರದ ಒಂದು ಪ್ರಶ್ನೆಗಾಗಿ.

ತೊಂದರೆ ಏನೆಂದರೆ ಕಾವಲುಗಾರನೇ ವಿಪರೀತ ಬೆಳೆಯುತ್ತಾನೆ. ವಾಕ್ಯದಲ್ಲಿ ಇಪ್ಪತ್ತು ತುಂಡುಗಳಿದ್ದರೆ ಅವನ ಸ್ಥಿತಿ ಹತ್ತು ಲಕ್ಷ ದಾಟಬಹುದು. ಯಂತ್ರವನ್ನು ನೋಡುವ ಮೊದಲೇ ಕಂಪ್ಯೂಟರು ಸುಸ್ತು. 1995ರಲ್ಲಿ ಗರ್ಟ್, ಪೆಲೆಡ್, ವಾರ್ಡಿ, ವೋಲ್ಪರ್ ಎಂಬ ನಾಲ್ವರು ಒಂದು ಸರಳ ಉಪಾಯ ಪ್ರಕಟಿಸಿದರು. ಅದರ ತಿರುಳು ಹೀಗೆ. ಹಿಂದೆ ಸಾಲಕ್ಕೆ ಎತ್ತು ಒತ್ತೆ ಇಡುತ್ತಿದ್ದರು: “ಸಾಲ ತೀರುವವರೆಗೆ ಎತ್ತು ಒತ್ತೆ.” ಈ ‘ವರೆಗೆ’ ಎಷ್ಟು ದಿನವೋ ಯಾರಿಗೆ ಗೊತ್ತು. ಆದರೆ ಅದನ್ನು ಇವತ್ತು ಮತ್ತು ನಾಳೆ ಎಂದು ಒಡೆಯಬಹುದು. ಒಂದೋ ಇವತ್ತೇ ಸಾಲ ತೀರಿದೆ, ಒಪ್ಪಂದ ಮುಗಿಯಿತು. ಇಲ್ಲವೋ ಇವತ್ತು ಎತ್ತು ಒತ್ತೆಯಲ್ಲಿದೆ, ಮತ್ತು ನಾಳೆಗೂ ಇದೇ ಒಪ್ಪಂದ. ಇಷ್ಟೇ. ಎಷ್ಟೇ ದೊಡ್ಡ ವಾಕ್ಯವನ್ನಾದರೂ ಹೀಗೆ ‘ಇವತ್ತು ಆಗಬೇಕಾದ್ದು’, ‘ನಾಳೆಗೆ ಉಳಿದದ್ದು’ ಎಂದು ಎರಡು ಪಟ್ಟಿ ಮಾಡಿಕೊಂಡು, ನಾಳೆ ಬಂದಾಗ ನಾಳೆಯ ಪಟ್ಟಿಯನ್ನು ಒಡೆಯುವುದು. ಮೊದಲೇ ಹತ್ತು ಲಕ್ಷ ಸ್ಥಿತಿ ಬರೆದಿಟ್ಟುಕೊಳ್ಳುವುದಿಲ್ಲ, ನಡೆಯುತ್ತ ನಡೆಯುತ್ತ ಬೇಕಾದಷ್ಟನ್ನೇ ಬರೆದುಕೊಳ್ಳುತ್ತದೆ. ನಡುವೆ ತಪ್ಪು ಸಿಕ್ಕಿದರೆ ಅಲ್ಲೇ ನಿಲ್ಲುತ್ತದೆ. ತಪ್ಪೇ ಇಲ್ಲದ ಯಂತ್ರವಾದರೆ ಎಲ್ಲವನ್ನೂ ನಡೆದೇ ತೀರಬೇಕು, ಅದರಿಂದ ಬಿಡುಗಡೆ ಇಲ್ಲ.

ಇದರಲ್ಲಿ ಒಂದು ಎಚ್ಚರ ಬೇಕು. ‘ನಾಳೆಗೂ ಇದೇ ಒಪ್ಪಂದ’ ಎಂದು ದಿನಾ ದೂಡುತ್ತ ಹೋದರೆ ಸಾಲ ಎಂದೂ ತೀರದೆಯೇ ಕಾಗದ ಸರಿಯಾಗಿ ಕಾಣುತ್ತದೆ. ಮತ್ತೆ ನಾಳೆ ಬಾ. ಆದ್ದರಿಂದ ಕಾವಲುಗಾರನಿಗೆ ಪ್ರತಿಯೊಂದು ‘ವರೆಗೆ’ಗೂ ಒಂದು ಕಟ್ಟುಪಾಡು: ಸುತ್ತಿನಲ್ಲಿ ಎಲ್ಲಾದರೂ ಒಂದು ಕಡೆ, ಸಾಲ ತೀರಿದ್ದೋ ಆ ಒಪ್ಪಂದದ ಹೊರೆಯೇ ಇಲ್ಲದ್ದೋ ಆದ ಜಾಗ ಬರಲೇಬೇಕು. ಬರದಿದ್ದರೆ ಆ ಸುತ್ತು ಲೆಕ್ಕಕ್ಕಿಲ್ಲ.

ವಾಕ್ಯವನ್ನು ಮೊದಲೇ ಚಿಕ್ಕದು ಮಾಡಿಕೊಳ್ಳುವುದೂ ಇದೆ. ‘ಎಂದಾದರೂ ಮತ್ತೆ ಮತ್ತೆ ಬರುತ್ತಾನೆ’ ಎಂದರೂ ‘ಮತ್ತೆ ಮತ್ತೆ ಬರುತ್ತಾನೆ’ ಎಂದರೂ ತರ್ಕದಲ್ಲಿ ಒಂದೇ, ಒಂದು ಪದ ಉಳಿಯಿತು. ಆದರೆ ‘ಮತ್ತೆ ಮತ್ತೆ ಬರುತ್ತಾನೆ’ ಬೇರೆ, ‘ಎಂದಾದರೂ ಬಂದು ಇಲ್ಲೇ ನೆಲೆಸುತ್ತಾನೆ’ ಬೇರೆ. ಜಾತ್ರೆಗೆ ಮಾತ್ರ ಬಂದು ಹೋಗುವ ನಮ್ಮಂಥ ಹಳೆಯ ವಿದ್ಯಾರ್ಥಿಗಳನ್ನು ನೋಡಿ ನೀವು ನಗುತ್ತಿರುವುದು ಅರ್ಥವಾಯಿತು. 2001ರಲ್ಲಿ ಫ್ರಾನ್ಸಿನ ಗಾಸ್ತ್ಯಾಂ ಮತ್ತು ಒದು ಇಂಥ ಕುಗ್ಗಿಸುವಿಕೆಯನ್ನು ಇನ್ನೂ ಮುಂದೆ ಒಯ್ದು ಬಹಳ ವೇಗದ ವಿಧಾನವೊಂದನ್ನು ಕೊಟ್ಟರು.

ಇಷ್ಟೆಲ್ಲ ಸುಲಭ ಮಾಡಿಕೊಳ್ಳುವುದು ಸೋಮಾರಿತನ ಎಂದು ಯಾರಾದರೂ ಅಂದುಕೊಂಡರೆ ಒಂದು ನಡೆದ ಕತೆ ಹೇಳುತ್ತೇನೆ. 1998ರ ಅಕ್ಟೋಬರ್ 24ರಂದು ನಾಸಾ ‘ಡೀಪ್ ಸ್ಪೇಸ್ 1’ ಎಂಬ ನೌಕೆಯನ್ನು ಹಾರಿಸಿತು. ಅದರಲ್ಲಿ ‘ರಿಮೋಟ್ ಏಜೆಂಟ್’ ಎಂಬ ಪ್ರೋಗ್ರಾಮ್ ಇತ್ತು. ಭೂಮಿಯಿಂದ ಹೆಜ್ಜೆ ಹೆಜ್ಜೆಗೂ ಅಪ್ಪಣೆ ಕೊಡದೆ ನೌಕೆ ತಾನೇ ಯೋಚಿಸಿ ನಡೆಯಲಿ ಎಂಬ ಪ್ರಯೋಗ. ಹಾರುವ ಮೊದಲೇ, 1997ರಲ್ಲಿ, ನಾಸಾದ ಏಮ್ಸ್ ಕೇಂದ್ರದ ಹಾವೆಲುಂಡ್, ಲೌರಿ, ಪೆನಿಕ್ಸ್ ಎಂಬ ಮೂವರು ಅದರ ಒಂದು ಭಾಗವನ್ನು ‘ಸ್ಪಿನ್’ ಎಂಬ ಉಪಕರಣಕ್ಕೆ ಕೊಟ್ಟು ತಡಕಿಸಿದರು. ಸ್ಪಿನ್ ಬೆಲ್ ಲ್ಯಾಬ್ಸಿನ ಜೆರಾರ್ಡ್ ಹೋಲ್ಜ್‌ಮನ್ ಕಟ್ಟಿದ್ದು, ನಾನು ಈಗ ಹೇಳಿದ ‘ನಡೆಯುತ್ತ ಬರೆದುಕೊಳ್ಳುವ’ ಜಾತಿಯದು. ಐದು ತಪ್ಪು ಸಿಕ್ಕಿದವು. ಅದರಲ್ಲೊಂದು ಹೀಗಿತ್ತು: ಪ್ರೋಗ್ರಾಮಿನ ಒಂದು ಅಂಗ ‘ಏನಾದರೂ ಹೊಸ ಸುದ್ದಿ ಇದೆಯೇ’ ಎಂದು ನೋಡುತ್ತದೆ, ಇಲ್ಲ ಎಂದರೆ ಮಲಗುತ್ತದೆ, ಸುದ್ದಿ ಬಂದಾಗ ಯಾರಾದರೂ ಎಬ್ಬಿಸುತ್ತಾರೆ. ನೋಡಿದ ಮೇಲೆ ಮಲಗುವ ಮುಂಚೆ, ಆ ಕಣ್ಣು ಮಿಟುಕಿಸುವ ಹೊತ್ತಿನಲ್ಲಿ ಸುದ್ದಿ ಬಂದುಬಿಟ್ಟರೆ? ಎಬ್ಬಿಸುವವರು ಬಂದು ಹೋಗಿರುತ್ತಾರೆ, ಆಮೇಲೆ ಮಲಗಿದ್ದೇ ನಿದ್ದೆ. ಬಸ್ಸು ಬಂತೇ ಎಂದು ಇಣುಕಿ, ಇಲ್ಲವೆಂದು ತಿರುಗಿ ಟವಲ್ಲು ಹಾಸುವಷ್ಟರಲ್ಲಿ ಬಸ್ಸು ಹೋದ ಹಾಗೆ.

ಆ ಐದನ್ನು ಸರಿಪಡಿಸಿದರು. 1999ರ ಮೇ ತಿಂಗಳಲ್ಲಿ, ನೌಕೆ ಕೋಟಿಗಟ್ಟಲೆ ಕಿಲೋಮೀಟರ್ ದೂರದಲ್ಲಿದ್ದಾಗ, ಪ್ರಯೋಗ ಶುರುವಾಯಿತು. ಮಾರನೆಯ ದಿನ ಎಂಜಿನ್ ನಿಲ್ಲಿಸಬೇಕಾದ ಹೊತ್ತಿಗೆ ಪ್ರೋಗ್ರಾಮ್ ಏನೂ ಮಾಡದೆ ಸುಮ್ಮನಾಯಿತು. ಕಾರಣ ಹುಡುಕಿದಾಗ ತಿಳಿದದ್ದು: ಅದೇ ಜಾತಿಯ ತಪ್ಪು, ಪ್ರೋಗ್ರಾಮಿನ ಇನ್ನೊಂದು ಭಾಗದಲ್ಲಿ. ಸ್ಪಿನ್‌ಗೆ ಕೊಡದೇ ಇದ್ದ ಭಾಗದಲ್ಲಿ. ಭೂಮಿಯ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಅದು ಒಮ್ಮೆಯೂ ಮುಖ ತೋರಿಸಿರಲಿಲ್ಲ. ಪುಣ್ಯಕ್ಕೆ ನೌಕೆಗೆ ಏನೂ ಆಗಲಿಲ್ಲ, ಪ್ರಯೋಗವೂ ಕೆಲವೇ ದಿನದಲ್ಲಿ ಮುಗಿಯಿತು. ಎಲ್ಲ ಭಾಗವನ್ನೂ ಯಾಕೆ ತಡಕಿಸಲಿಲ್ಲ ಎಂದು ನೀವು ಕೇಳಬಹುದು. ಆಗ ಪ್ರೋಗ್ರಾಮನ್ನು ಸ್ಪಿನ್‌ಗೆ ತಿಳಿಯುವ ಭಾಷೆಗೆ ಮನುಷ್ಯರು ಕೈಯಾರೆ ಬರೆದುಕೊಡಬೇಕಾಗಿತ್ತು. ಅದು ವಾರಗಟ್ಟಲೆಯ ಕೆಲಸ. ಕಷ್ಟವಾದದ್ದನ್ನು ಜನ ಸ್ವಲ್ಪವೇ ಮಾಡುತ್ತಾರೆ, ಉಳಿದದ್ದು ದೇವರ ಮೇಲೆ ಭಾರ. ಅದಕ್ಕೇ ಸುಲಭ ಮಾಡಬೇಕು ಎನ್ನುವುದು.

ಸುಲಭವಾಗದ ಒಂದು ಕೆಲಸ ಇನ್ನೂ ಉಳಿದಿದೆ. ನಮಗೆ ಏನು ಬೇಕು ಎಂದು ಸರಿಯಾಗಿ ಹೇಳುವುದು. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ: ಕಂಪ್ಯೂಟರಿನ ವೇಗದ ಬಗ್ಗೆ ಮಾತಾಡುವಷ್ಟು ನಮ್ಮವರು ಈ ಬಗ್ಗೆ ಮಾತಾಡುವುದಿಲ್ಲ. ನಮ್ಮೂರ ಯಾವನೋ ಜಿಪುಣ “ಕೇಳಿದವರಿಗೆಲ್ಲ ಕೊಟ್ಟಿದ್ದೇನೆ” ಎಂದರೆ ನಾವು ನಗುತ್ತೇವೆ, ಯಾಕೆಂದರೆ ಅವನನ್ನು ಯಾರೂ ಕೇಳಿಲ್ಲ. ಮಾತು ಮಾತ್ರ ನಿಜ! ‘ಗಾಡಿ ಬಂದು ನಿಂತಾಗಲೆಲ್ಲ ಗೇಟು ತೆರೆಯುತ್ತದೆ’ ಎಂಬ ವಾಕ್ಯಕ್ಕೆ ಕಂಪ್ಯೂಟರು ‘ಸರಿ ಇದೆ’ ಎನ್ನುತ್ತದೆ. ನೋಡಿದರೆ ಬರೆದ ಮಾದರಿಯಲ್ಲಿ ಗಾಡಿ ಬರಲು ರಸ್ತೆಯನ್ನೇ ಇಟ್ಟಿರುವುದಿಲ್ಲ. ಇದು ತಮಾಷೆಯಲ್ಲ. ಐಬಿಎಂನ ಹೈಫಾ ಕೇಂದ್ರದವರು 1997ರಲ್ಲಿ ತಮ್ಮ ಅನುಭವ ಬರೆದರು: ಹೊಸ ವಿನ್ಯಾಸವನ್ನು ಮೊದಮೊದಲು ಪರಿಶೀಲಿಸುವಾಗ ಸಾಮಾನ್ಯವಾಗಿ ಶೇ. 20ರಷ್ಟು ವಾಕ್ಯಗಳು ಹೀಗೆ ಪೊಳ್ಳಾಗಿ ಪಾಸಾಗುತ್ತವೆ, ಮತ್ತು ಪ್ರತಿ ಸಲವೂ ಅದರ ಹಿಂದೆ ಒಂದು ನಿಜವಾದ ತೊಂದರೆ ಇರುತ್ತದೆ. ಈಗ ಒಳ್ಳೆಯ ಉಪಕರಣಗಳು ‘ಸರಿ’ ಎಂದು ಹೇಳಿ ಸುಮ್ಮನಾಗುವುದಿಲ್ಲ, ‘ಇದು ಪೊಳ್ಳು ಸರಿ’ ಎಂದು ಕೂಗುತ್ತವೆ. ನನ್ನ ಕೈಕೆಳಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾನು ಮೊದಲು ಓದಿಸುವುದು ಪಾಸಾದ ವಾಕ್ಯಗಳ ಪಟ್ಟಿಯನ್ನು, ಫೇಲಾದವುಗಳದ್ದಲ್ಲ. ಅವರು ಗೊಣಗುತ್ತಾರೆ. ಗೊಣಗಲಿ.

ವಾಕ್ಯ ಬರೆಯುವುದು ಮೇಲೆ ಕಾಣುವಷ್ಟು ಭಯಂಕರವೂ ಅಲ್ಲ. ಅಮೆರಿಕದ ಡ್ವೈಯರ್, ಅವ್ರುನಿನ್, ಕಾರ್ಬೆಟ್ ಎಂಬ ಮೂವರು ಬೇರೆ ಬೇರೆ ಕಡೆಯಿಂದ ಇಂಥ 555 ವಾಕ್ಯಗಳನ್ನು ಸಂಗ್ರಹಿಸಿ 1999ರಲ್ಲಿ ಪ್ರಕಟಿಸಿದರು. ಶೇ. 92ರಷ್ಟು ಕೆಲವೇ ಅಚ್ಚುಗಳಲ್ಲಿ ಕೂತವು. ಎಲ್ಲಕ್ಕಿಂತ ಹೆಚ್ಚು ಸಲ ಬಂದ ಅಚ್ಚು ಯಾವುದು ಗೊತ್ತೇ? ‘ಇದು ಆದಾಗಲೆಲ್ಲ ಆಮೇಲೆ ಅದು ಆಗಬೇಕು.’ ಕರೆದರೆ ಓಗೊಡಬೇಕು, ಅಷ್ಟೇ. ಅರ್ಜಿ ಕೊಟ್ಟವರಿಗೆ ಉತ್ತರ ಬರಬೇಕು ಎಂದು ಊರಿನವರು ಕೇಳುವುದೂ ಅದೇ ಅಚ್ಚಿನ ವಾಕ್ಯ.

ಗಡಿಯಾರ ನೋಡುತ್ತಿರುವ ಕಾರ್ಯದರ್ಶಿಗಳ ಮುಖ ಕಾಣುತ್ತಿದೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ಮಾತು. ಸ್ಪಿನ್‌ಗೆ ದುಡ್ಡು ಕೊಡಬೇಕಾಗಿಲ್ಲ, 1991ರಿಂದ ಯಾರು ಬೇಕಾದರೂ ತೆಗೆದುಕೊಂಡು ಬಳಸಬಹುದು. ನಿನ್ನೆ ಸಂಜೆ ವಿಜ್ಞಾನದ ಮೇಡಂ ಬೀಗದ ಕೈ ಕೊಟ್ಟರು, ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯ ನಾಲ್ಕು ಯಂತ್ರಗಳಿಗೆ ಅದನ್ನು ಹಾಕಿದ್ದೇನೆ. ಐದನೆಯದು ಶುರುವಾಗಲಿಲ್ಲ. ಹುಲಿ, ಮೇಕೆ, ಹುಲ್ಲಿನ ಒಗಟನ್ನು ಬರೆದು ಇಟ್ಟಿದ್ದೇನೆ, ಮೂವತ್ತು ಸಾಲೂ ಇಲ್ಲ. ಊಟ ಮುಗಿಸಿ ಬನ್ನಿ, ಇಬ್ಬಿಬ್ಬರಾಗಿ ಕೂರಬಹುದು. ದೋಣಿಯಲ್ಲಿ ಎರಡಕ್ಕೆ ಜಾಗ ಕೊಟ್ಟರೆ ಎಷ್ಟು ಸಲದಲ್ಲಿ ದಾಟಬಹುದು ಎಂದು ಮೊದಲು ಕಾಗದದ ಮೇಲೆ ಬರೆದುಕೊಂಡು ಬರಬೇಕು, ಆಮೇಲೆ ಯಂತ್ರವನ್ನು ಕೇಳೋಣ.